ಕಿಡಿ ಕಾರಿನ ಕ್ಲಚ್ ಸುಟ್ಟವರು ಯಾರು?

ಎಂಜಿನ್ ಮೊರೆಯಿತು. ಕಾರು ಮಾತ್ರ ಕದಲಲಿಲ್ಲ.

ರೂಪಶ್ರೀ ಮತ್ತೆ ಕ್ಲಚ್ ಒತ್ತಿದಳು, ಮೊದಲ ಗೇರಿಗೆ ಹಾಕಿದಳು, ಮೆಲ್ಲಗೆ ಕಾಲು ಬಿಟ್ಟಳು. ಅದೇ ಮೊರೆತ. ಜೊತೆಗೆ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ನಿನ್ನೆ ಸಂಜೆ ಮಸಿನಗುಡಿಯಿಂದ ಕಲ್ಹಟ್ಟಿ ಘಾಟಿಯ ಮೂವತ್ತಾರು ತಿರುವುಗಳನ್ನು ಆಡಾಡುತ್ತ ಹತ್ತಿ ಬಂದ ಕಾರು ಇದು. ಒಂದೇ ರಾತ್ರಿಯಲ್ಲಿ ಏನಾಯಿತು ಇದಕ್ಕೆ?

ಎಂಜಿನ್ ಆರಿಸಿ ಕೆಳಗಿಳಿದು ನೋಡಿದಳು. ಹಿಂದಿನ ಗಾಲಿಯ ಕೆಳಗೆ ತೆಂಗಿನಕಾಯಿ ಗಾತ್ರದ ಕಲ್ಲು.

"ಜೋಗೀ! ಈ ಕಾರಿಗೆ ಕಲ್ಲಿಡಬೇಡ ಅಂತ ಮೊದಲನೇ ದಿನವೇ ಹೇಳಿರ್ಲಿಲ್ವಾ? ಎಂಜಿನ್ ಆರಿಸಿದ್ರೆ ತಾನಾಗೇ ಬ್ರೇಕ್ ಹಿಡ್ಕೊಳ್ಳುತ್ತೆ ಇದು!" ಎಂದು ಸಿಟ್ಟಿನಿಂದ ಕಲ್ಲನ್ನು ಒದ್ದಳು.

ಬಂಗಲೆಯ ಕಾವಲುಗಾರ ಜೋಗಿ ತಬ್ಬಿಬ್ಬಾದ. "ನಾ ಇಟ್ಟಿಲ್ಲೆ ಅಕ್ಕಾ..." ಎಂದ. ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ. ಅಷ್ಟರಲ್ಲಿ ಸತೀಶ್‌ಕುಮಾರ್ ಮೊಬೈಲು ಹಿಡಿದು ಕಾರಿನ ಸುತ್ತ ತಿರುಗುತ್ತ ಮಾತು ಶುರು ಮಾಡಿಬಿಟ್ಟಿದ್ದ.

"ನೋಡಿ ವೀಕ್ಷಕರೇ, ಮೂರನೇ ದಿನ ಬೆಳಿಗ್ಗೆಯೇ ಕಿಡಿ ಆರಿಹೋಯಿತು! ಕ್ಲಚ್ ಸುಟ್ಟು ಬೂದಿ. ಒಂದೋ ಇದು ಅಗ್ಗದ ಮಾಲು, ಇಲ್ಲಾ ಓಡಿಸುವವರಿಗೆ ಕ್ಲಚ್ ಬಳಸಲು ಬರುವುದಿಲ್ಲ. ಎರಡರಲ್ಲಿ ಯಾವುದು? ಸಂಜೆ ಐದಕ್ಕೆ ನೇರಪ್ರಸಾರದಲ್ಲಿ ತೀರ್ಪು!"

ರೂಪಶ್ರೀಗೆ ಅಡಿಯಿಂದ ಮುಡಿಯವರೆಗೆ ಉರಿಯಿತು. ಉರಿಯದೆ ಇನ್ನೇನು? ಊಟಿ ಮಾರ್ಕೆಟ್ಟಿನ ಹಿಂದೆ ಡ್ರೈವಿಂಗ್ ಶಾಲೆ ನಡೆಸುವವಳು ಅವಳು. ಗುಂಡ್ಲುಪೇಟೆ ಕಡೆಯಿಂದ ಬಂದು ಆಲೂಗಡ್ಡೆ ವ್ಯಾಪಾರ ಮಾಡುತ್ತಿದ್ದ ಅಪ್ಪ ತೀರಿಕೊಂಡ ಮೇಲೆ ಸ್ವಂತ ಕೈಯಿಂದ ಕಟ್ಟಿದ ಶಾಲೆ. ಬೆಟ್ಟದ ಏರಿನಲ್ಲಿ ಕ್ಲಚ್ ಸುಡದೆ ಕಾರು ಹತ್ತಿಸುವುದು ಹೇಗೆ ಎಂದು ಹೇಳಿಕೊಡುವುದೇ ಅವಳ ಅನ್ನ. 'ಡ್ರೈವಿಂಗ್ ಕಲಿಸುವವಳೇ ಕ್ಲಚ್ ಸುಟ್ಟಳಂತೆ' ಎಂದು ಒಂದು ಸಲ ಹೆಸರು ಬಿದ್ದರೆ ಮುಗಿಯಿತು. ಮಗಳನ್ನು ಕಳಿಸುವ ತಾಯಿ ಯಾರು? ನಾಳೆಯಿಂದ ಶಾಲೆಯ ಬೋರ್ಡಿನ ಕೆಳಗೆ ನಿಲ್ಲಲು ಮುಖ ಬೇಡವೇ?

ಸತೀಶ್‌ಕುಮಾರನ 'ರಸ್ತೆ ತೀರ್ಪು' ಚಾನೆಲ್ ನೋಡದೆ ಕಾರು ಕೊಳ್ಳುವ ಹುಡುಗರು ಈಗ ಕಡಿಮೆ. ಈ ಸಲ ಅವನು ಎತ್ತಿಕೊಂಡ ಪ್ರಶ್ನೆ ಇದು: ಅಗ್ಗದ ಸ್ಪೋರ್ಟ್ಸ್ ಕಾರು ಕೊಟ್ಟ ಬೆಲೆಗೆ ತಕ್ಕದ್ದೇ, ಅಥವಾ ಸಾಲ ಮಾಡಿಯಾದರೂ ದೊಡ್ಡದನ್ನೇ ಕೊಳ್ಳಬೇಕೇ? ನೀಲಗಿರಿಯಲ್ಲಿ ಮೂರು ದಿನದ ಪರೀಕ್ಷೆ. ಒಂದು, ರೂಪಶ್ರೀಯ ಪುಟ್ಟ ಕೆಂಪು ಕಿಡಿ. ಎರಡನೆಯದು, ಮೈಸೂರಿನ ಕಲ್ಯಾಣಮಂಟಪದ ಮಾಲೀಕ ನಂಜುಂಡೇಶನ ಫಾಲ್ಕನ್. ಅದೊಂದರ ಬೆಲೆಗೆ ಮೂರು ಕಿಡಿ ಬರುತ್ತವೆ. ಕೈಬದಲಾದ ವಿದೇಶಿ ಕಾರೂ ಒಂದು ಬಂದಿತ್ತು. ಅದು ಮೊದಲ ದಿನವೇ ರೇಡಿಯೇಟರ್ ಕುದಿದು, ಲಾರಿಯ ಮೇಲೆ ಕೂತು ಮನೆಗೆ ಹೋಯಿತು. ಉಳಿದ ಎರಡೂ ಕಾರು ಊಟಿ ಬಳಿಯ ತಲೈಕುಂದಾದ ಬಂಗಲೆಯ ಇಳಿಜಾರು ಅಂಗಳದಲ್ಲಿ ತಂಗಿದ್ದವು. ಕೀಲಿಗಳು ಹಜಾರದ ಮೊಳೆಗೆ.

"ಸಾರ್, ಯಾರೋ ನನ್ನ ಕಾರನ್ನು ರಾತ್ರಿ ತೆಗೆದಿದ್ದಾರೆ," ಎಂದಳು ರೂಪಶ್ರೀ.

ಸತೀಶ್ ನಕ್ಕ. "ಕುಣಿಯಲಾರದವಳಿಗೆ ನೆಲ ಡೊಂಕು ಅಂತ ಗಾದೆ ಇದೆಯಲ್ಲ ಮೇಡಂ? ಕಾರು ನಿಂತ ಜಾಗದಲ್ಲೇ ಇದೆ. ಕಳ್ಳ ಕಾರು ಕದ್ದು, ವಾಪಸ್ ತಂದು ನಿಲ್ಲಿಸಿ ಹೋದನೇ? ಹಾಗೂ ಅನುಮಾನ ಇದ್ದರೆ ಇವನನ್ನು ಕೇಳಿ. ಕೀಲಿ ಇದ್ದದ್ದು ಇವನ ಕಾವಲಿನಲ್ಲಿ."

ಜೋಗಿ ಮುಂದೆ ಬಂದು ಬೆಟ್ಟದ ಬಡಗರ ಮಾತಿನಲ್ಲಿ ಏನೇನೋ ಹೇಳಿಕೊಂಡ. ತಮ್ಮ ಕುಲದೇವತೆ ಹೆತ್ತೆಯಮ್ಮನ ಮೇಲೆ ಆಣೆ ಇಟ್ಟ. ಕಣ್ಣಲ್ಲಿ ನೀರು ಬಂತು.

"ಏನು ಬಡಬಡಿಸುತ್ತಾನೋ! ಒಂದಕ್ಷರ ಅರ್ಥವಾಗಲ್ಲಪ್ಪ," ಎಂದು ಸತೀಶ್ ಅವನಿಗೆ ಬೆನ್ನು ತಿರುಗಿಸಿದ. "ಬಂಗಲೆ ಮಾಲೀಕರಿಗೆ ಫೋನು ಮಾಡ್ತೀನಿ. ಇಂಥವರನ್ನು ಇಟ್ಟುಕೊಂಡರೆ ಹೀಗೇ."

ಎಲಾ ಇವನ! ರೂಪಶ್ರೀ ಹಲ್ಲು ಕಚ್ಚಿದಳು. ಜೋಗಿ ಅವಳ ಶಾಲೆಗೇ ಒಂದು ತಿಂಗಳು ಬಂದಿದ್ದವನು. ಎರಡನೇ ಗೇರು ಎಲ್ಲಿದೆ ಎಂದು ತಿಳಿಯುವ ಮೊದಲೇ ಕಾರನ್ನು ಟೀ ಗಿಡಗಳ ನಡುವೆ ನುಗ್ಗಿಸಿ, 'ಬೇಡ ಅಕ್ಕಾ, ಎನಗೆ ಕಾಲೇ ಸಾಕು' ಎಂದು ಕೈಮುಗಿದು ಹೋದವನು. ಅವನೇ ಕಿಡಿ ಓಡಿಸಿದ್ದನಾದರೆ ಗೇಟಿನ ಕಂಬ ಉಳಿಯುತ್ತಿರಲಿಲ್ಲ. ಆದರೆ ಯಾರು ನಂಬುತ್ತಾರೆ?

ಅವಳು ಮಾಡಿದ್ದು ಒಂದೇ ಕೆಲಸ. ಅತ್ತೆಗೆ ಫೋನು ಹಚ್ಚಿದಳು.

ಅಪ್ಪನ ಅಕ್ಕ ಚನ್ನಾಜಮ್ಮ ವಾಹನ ವಿಮೆ ಕಂಪನಿಯಲ್ಲಿ ಸರ್ವೇಯರ್ ಆಗಿ ನಿವೃತ್ತರಾದವರು. ಸುಳ್ಳು ಕ್ಲೇಮುಗಳನ್ನು ಹಿಡಿದು ಹಿಡಿದು ಮನುಷ್ಯರ ಮೇಲೆ ನಂಬಿಕೆ ತೆಳುವಾಗಿತ್ತು. ಕಾರುಗಳ ಮೇಲೆ ಮಾತ್ರ ಗಟ್ಟಿಯಾಗಿತ್ತು. 'ಕಾರು ಸುಳ್ಳು ಹೇಳಲ್ಲ, ಅದರ ಪಕ್ಕ ನಿಂತವನು ಹೇಳ್ತಾನೆ' ಎನ್ನುವುದು ಅವರ ಮಾತು. ಸೀರೆಯ ಮೇಲೆ ಸ್ವೆಟರು, ತಲೆಗೆ ಮಂಕಿ ಟೋಪಿ, ಕೈಯಲ್ಲಿ ಹುರಿಗಡಲೆಯ ಪೊಟ್ಟಣ ಹಿಡಿದು ಆಟೋದಿಂದ ಇಳಿದಾಗ ಬಿಸಿಲು ಏರಿತ್ತು. ಅಂಗಳದ ಹುಲ್ಲು ಒದ್ದೆಯಾಗಿ ಹೊಳೆಯುತ್ತಿತ್ತು.

"ಅಳಬ್ಯಾಡ ಕನವ್ವ," ಎಂದರು ಮೊದಲು.

"ಅಳ್ತಿಲ್ಲ ಅತ್ತೆ, ಉರೀತಿದೆ!"

"ಉರೀಲಿ ಬುಡು. ನಿನ್ನೆ ನಿಲ್ಸಿದಾಗ ಓಡೋಮೀಟರ್ ನೋಡಿಟ್ಕಂಡಿದ್ದಾ?"

"ಇಲ್ಲ."

"ಡ್ರೈವಿಂಗ್ ಕಲಿಸೋಳು! ಸರಿ, ಕಾರು ಸಂಜೆ ಸರಿಯಾಗಿತ್ತಾ?"

"ಬೆಣ್ಣೆ ಹಾಗಿತ್ತು ಅತ್ತೆ. ಫಾಲ್ಕನ್ ಭಾರ ಜಾಸ್ತಿ. ಅದರ ಅಷ್ಟು ಶಕ್ತಿ ಬಯಲಲ್ಲಿ ಸರಿ, ಕಲ್ಹಟ್ಟಿಯಲ್ಲಿ ಒಂದು ತಿರುವು ಮುಗಿಯೋದ್ರೊಳಗೆ ಇನ್ನೊಂದು ಬರುತ್ತೆ. ಶಕ್ತಿ ಬಿಚ್ಚೋಕೆ ಜಾಗ ಎಲ್ಲಿದೆ? ಪ್ರತಿ ತಿರುವಿಗೂ ಬ್ರೇಕು, ಮತ್ತೆ ಎಳೆದಾಟ. ನಂದು ಹಗುರ. ತಿರುವಿಗೆ ತಿರುವು ಹೂವಿನ ಹಾಗೆ ತಿರುಗ್ತಿತ್ತು. ಟೈರು ಊಟಿಯಲ್ಲೇ ಸಿಗುತ್ತೆ, ಅವರದ್ದು ಕೊಯಮತ್ತೂರಿನಿಂದ ಬರಬೇಕು. ಕೊಟ್ಟ ದುಡ್ಡಿಗೆ ತಕ್ಕದ್ದು ಯಾವುದು ಅಂತ ಕುರುಡನೂ ಹೇಳಿಯಾನು!"

"ಹೂಂ. ಕಣ್ಣಿದ್ದೋನು ಹೇಳ್ಬೇಕಲ್ಲ," ಎಂದು ಚನ್ನಾಜಮ್ಮ ಎರಡು ಕಡಲೆ ಬಾಯಿಗೆ ಹಾಕಿಕೊಂಡರು. "ಆ ವಯ್ಯ ಬೆಳಿಗ್ಗೆ ಹಿಡಿದ ವಿಡಿಯೋ ತೋರ್ಸು."

ಸತೀಶ್ ಆಗಲೇ ಚಾನೆಲ್ಲಿಗೆ ಹಾಕಿದ್ದ ಅದನ್ನು ತೆರೆದು ರೂಪಶ್ರೀ ಮೊಬೈಲು ಕೊಟ್ಟಳು. ಅತ್ತೆ ಒಮ್ಮೆ ನೋಡಿದರು. ಹಿಂದಕ್ಕೆ ಸರಿಸಿ ಮತ್ತೊಮ್ಮೆ ನೋಡಿದರು. ಕಾರಿನ ತಳ ಕಾಣುವ ಕಡೆ ನಿಲ್ಲಿಸಿ, ಬೆರಳಿನಿಂದ ದೊಡ್ಡದು ಮಾಡಿ ನೋಡಿದರು. ಕಡಲೆ ಅಗಿಯುವುದು ನಿಂತಿತು.

"ಏನತ್ತೆ?"

"ಸುಮ್ನಿರು. ಮೊದಲು ಎಲ್ರನ್ನೂ ಮಾತಾಡ್ಸಣ."

ನಂಜುಂಡೇಶ ವರಾಂಡದಲ್ಲಿ ಕಾಫಿ ಕುಡಿಯುತ್ತಿದ್ದ. ದೊಡ್ಡ ದನಿ, ದೊಡ್ಡ ಉಂಗುರ.

"ರಾತ್ರಿ ಹೊರಗೆ ಬಂದಿದ್ರಾ?"

"ಅಯ್ಯೋ, ಈ ಚಳೀಲಾ? ಮೂರು ಕಂಬಳಿ ಹೊದ್ದು ಮಲಗಿದೋನು ಮೇಡಂ ನಾನು. ಮೂಗು ಹೊರಗೆ ಹಾಕಿದ್ರೆ ನನ್ನ ಮಂಡಿನೋವಿನ ಮೇಲಾಣೆ!"

"ನಿಮ್ಮ ಕಾರು ಸೋತ್ರೆ ಬೇಜಾರಲ್ವಾ?"

"ಸೋಲೋದೇನು ಬಂತು? ಮೈಸೂರಿಂದ ಹೊರಡೋಕೆ ಮುಂಚೇನೇ ಸತೀಶ್ ಸಾರ್ ಫೋನ್ ಮಾಡಿ ಧೈರ್ಯ ಹೇಳಿದ್ರು, 'ಚಿಂತೆ ಬೇಡಿ, ಫಾಲ್ಕನ್ನೇ ಗೆಲ್ಲೋದು' ಅಂತ. ಮುಂದಿನ ತಿಂಗಳು ಫಾಲ್ಕನ್ ಕಂಪನಿ ಜಾಹೀರಾತಲ್ಲೂ ಅವರೇ ಬರ್ತಾರಂತೆ. ಆದ್ರೆ ನಿಜ ಹೇಳ್ಬೇಕು ಅಂದ್ರೆ..." ದನಿ ಇಳಿಸಿದ. "ನಿನ್ನೆ ಆ ಪುಟ್ಟ ಕಾರು ನನ್ನ ಮಾನ ಕಳೀತು. ಅದರ ಹಿಂದೆ ಹೋಗೋಕೂ ಆಗ್ಲಿಲ್ಲ ನನಗೆ!"

ಚನ್ನಾಜಮ್ಮ ತಲೆಯಾಡಿಸಿ ಹಿತ್ತಿಲಿಗೆ ನಡೆದರು. ಜೋಗಿ ಸ್ನಾನದ ನೀರಿನ ಬಾಯ್ಲರಿಗೆ ಸೌದೆ ತುಂಬುತ್ತಿದ್ದ.

"ನೀನು ಕಾರು ಮುಟ್ಟಿದ್ದಾ ಜೋಗಿ?"

"ಇಲ್ಲೆ ಅಮ್ಮಾ. ಬೆಳಕರಿಯೋ ಮುಂಚೆ ಎದ್ದು ಇಲ್ಲಿ ಬೆಂಕಿ ಹಾಕ್ತಿದ್ದೆ. ಒಂದು ವಂಡಿ ಶಬ್ದ ಕೇಳ್ತು, ಆಮೇಲೆ ಇನ್ನೊಂದ್ಸಲ ಕೇಳ್ತು. ರೋಡಲ್ಲಿ ಹೋಗೋ ಟೂರಿಸ್ಟು ಅಂದ್ಕಂಡೆ. ಸೌದೆ ಚಟಪಟ ಅಂತಿತ್ತಲ್ಲ."

"ಕಲ್ಲು ಇಟ್ಟಿದ್ದು?"

"ನಾ ಇಟ್ಟಿಲ್ಲೆ ಅಂತ ಅಕ್ಕನಿಗೂ ಹೇಳ್ದೆ! ಮೊದಲನೇ ದಿನ ಇಡೋಕೆ ಹೋದೆ, ಅಕ್ಕ ನಗಾಡಿ ತೆಗೆಸಿದ್ರು. ಆಮೇಲೆ ನಾ ಯಾಕೆ ಇಡ್ಲಿ?"

ರೂಪಶ್ರೀಗೆ ತಾನು ಬೆಳಿಗ್ಗೆ ಗದರಿದ್ದು ನೆನಪಾಗಿ ಮುಖ ಬಿಸಿಯಾಯಿತು. ಅತ್ತೆ ಮಾತ್ರ "ಸರಿ ಕನಪ್ಪ, ನಿನ್ ಕೆಲ್ಸ ಎಲ್ಲೂ ಹೋಗಲ್ಲ" ಎಂದು ಅವನ ಕೈಗೆ ಒಂದು ಹಿಡಿ ಕಡಲೆ ಹಾಕಿ ಮುಂದೆ ನಡೆದರು.

ಕೊನೆಗೆ ಸತೀಶ್‌ಕುಮಾರ್. ಹಜಾರದಲ್ಲಿ ಸಂಜೆಯ ನೇರಪ್ರಸಾರಕ್ಕೆ ದೀಪ, ಮೈಕು ಜೋಡಿಸುತ್ತಿದ್ದ.

"ಹೇಳಿ ಮೇಡಂ. ತನಿಖೆಯೋ?" ತುಟಿಯಂಚಿನಲ್ಲಿ ನಗು.

"ತನಿಖೆ ಎಲ್ಲಿ ಬಂತು ಸಾರ್! ನಿಮ್ಮ ಕಾರ್ಯಕ್ರಮ ನೋಡ್ತೀನಿ ನಾನು. ಬೆಟ್ಟದ ರಸ್ತೇಲಿ ಮುಂಚೆ ಓಡ್ಸಿದ್ದೀರಾ?"

"ಇಲ್ಲವೇ ಇಲ್ಲ. ಅದೇ ನನ್ನ ಬಂಡವಾಳ. ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರು, ಜಯನಗರ. ಇಂಥ ಬೆಟ್ಟ ಜೀವಮಾನದಲ್ಲಿ ಇದೇ ಮೊದಲು. ಮೊದಲ ಸಲ ಏರು ಹತ್ತುವ ಗಿರಾಕಿಯ ಕಣ್ಣಿನಿಂದ ನೋಡ್ತೀನಿ. ಅದಕ್ಕೇ ಜನ ನಂಬ್ತಾರೆ."

"ಬೆಟ್ಟದ ಜನರ ಪರಿಚಯ?"

"ಯಾರೂ ಇಲ್ಲ. ಅವರ ಭಾಷೆಯೂ ತಿಳಿಯಲ್ಲ."

"ರಾತ್ರಿ?"

"ಮಲಗಿದ್ದೆ. ನೋಡಿ ಮೇಡಂ, ನಿಮ್ಮ ಸಂಕಟ ಅರ್ಥವಾಗುತ್ತೆ. ಆದರೆ ತೀರ್ಪಿನಲ್ಲಿ ದಯೆ ದಾಕ್ಷಿಣ್ಯ ನಡೆಯಲ್ಲ. ಅಗ್ಗ ಅಂದರೆ ಅಗ್ಗವೇ."

ಹೊರಗೆ ಬಂದ ಕೂಡಲೇ ರೂಪಶ್ರೀ ಸಿಡಿದಳು. "ದಯೆಯಂತೆ! ಇವನ ದಯೆ ಯಾರಿಗೆ ಬೇಕಾಗಿದೆ? ಅತ್ತೆ, ಮೈಸೂರಿನವರನ್ನ ಕರೆದು ಗೆದ್ದಿರಿ ಅಂದುಬಿಟ್ಟು, ಆಮೇಲೆ ಪರೀಕ್ಷೆ ಅಂತ ನಮ್ಮನ್ನ ಕುಣಿಸಿದ್ದಾನೆ! ನಾನು ಹೋಗಿ ಮುಖದ ಮೇಲೇ ಕೇಳ್ತೀನಿ."

"ಕೇಳಿದ್ರೆ ಇಲ್ಲ ಅಂತಾನೆ. ಆಮೇಲೆ? ಕೆಟ್ಟ ಹೆಂಗಸರು ಕೂಗಾಡಿದ್ರು ಅಂತ ಅದನ್ನೂ ವಿಡಿಯೋ ಮಾಡ್ತಾನೆ. ಕೋಪ ಜೇಬಲ್ಲಿಟ್ಕೊ, ಸಂಜೆಗೆ ಬೇಕಾಯ್ತದೆ. ಈಗ ನನ್ನ ಮಾತು ಕೇಳು. ಮೊಬೈಲ್ ಹಿಡ್ಕೊಂಡು ನಿಂತ್ಕೊ. ನಾನು ಏನು ಮಾಡ್ಸಿದ್ರೂ ವಿಡಿಯೋ ಮಾಡು. ಯಾಕೆ ಅಂತ ಕೇಳ್ಬ್ಯಾಡ."

ಚನ್ನಾಜಮ್ಮ ಅಂಗಳದ ನಡುವೆ ನಿಂತು ಕೂಗಿದರು. "ಸಾರ್, ಸ್ವಲ್ಪ ಬನ್ನಿ! ಕಿಡಿ ಒಯ್ಯೋಕೆ ಗ್ಯಾರೇಜಿನ ಗಾಡಿ ಬರ್ತದೆ. ಜಾಗ ಬೇಕು. ನಿಮ್ಮ ಗಾಡಿಗಳನ್ನ ಆ ಮೇಲಿನ ಏರಿಗೆ ಹಾಕಿ!"

ನಂಜುಂಡೇಶ ಗೊಣಗುತ್ತ ಫಾಲ್ಕನ್ ಹತ್ತಿದ. ಬಾಯ್ಲರಿನ ಪಕ್ಕದ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಫೋನು ಕಿವಿಗೆ ಹಚ್ಚಿಕೊಂಡು ಇಳಿದು ನಡೆದ. ಹಿಂದೆ ತಿರುಗಿಯೂ ನೋಡಲಿಲ್ಲ.

ಸತೀಶ್ ತನ್ನ ಕ್ಯಾಮೆರಾ ಸಾಮಾನಿನ ಜೀಪನ್ನು ಅದರ ಪಕ್ಕಕ್ಕೆ ತಂದ. ಚನ್ನಾಜಮ್ಮ ಕಿಟಕಿಯ ಪಕ್ಕದಲ್ಲೇ ಹೆಜ್ಜೆ ಹಾಕುತ್ತ ಮಾತಿಗೆಳೆದರು.

"ಅಲ್ಲ ಸಾರ್, ನನಗೊಂದು ಅನುಮಾನ. ಅಗ್ಗದ ಕಾರಿಗೆ ದುಬಾರಿ ಟೈರು ಹಾಕಿದ್ರೆ ಅದು ಅಗ್ಗದ್ದಾ, ದುಬಾರಿಯದ್ದಾ?"

"ಒಳ್ಳೆ ಪ್ರಶ್ನೆ ಮೇಡಂ," ಎಂದು ಸತೀಶ್ ಹುರುಪಿನಿಂದ ಶುರು ಮಾಡಿದ. ಕೇಳುವವರು ಸಿಕ್ಕರೆ ಬಿಡುವ ಜಾತಿಯಲ್ಲ ಅವನು. ಮಾತಾಡುತ್ತಲೇ ಮುಂದಿನ ಗಾಲಿಗಳನ್ನು ದಿಣ್ಣೆಯ ಕಡೆಗೆ ತಿರುಗಿಸಿ ನಿಲ್ಲಿಸಿದ. ಮಾತಾಡುತ್ತಲೇ ಇಳಿದ. "ಟೈರು ಬದಲಾಯಿಸಬಹುದು, ಆದರೆ ಕಾರಿನ ಚೌಕಟ್ಟು..." ಎನ್ನುತ್ತ ಅವನ ಬಲಗಾಲು ತನ್ನ ಪಾಡಿಗೆ ತಾನು ಹುಲ್ಲಿನಲ್ಲಿ ತಡಕಾಡಿ, ಒಂದು ಕಲ್ಲನ್ನು ಹುಡುಕಿ, ಉರುಳಿಸಿಕೊಂಡು ಬಂದು, ಜೀಪಿನ ಹಿಂದಿನ ಗಾಲಿಯ ಕೆಳಗೆ ತಳ್ಳಿ, ಹಿಮ್ಮಡಿಯಿಂದ ಒಂದು ಒತ್ತು ಒತ್ತಿತು. ಕಣ್ಣು ಪೂರ್ತಿ ಚನ್ನಾಜಮ್ಮನ ಮುಖದ ಮೇಲೆ. ಬಾಯಿ ಪೂರ್ತಿ ಟೈರಿನ ಮೇಲೆ.

"ಸಾಕು ಸಾರ್," ಎಂದರು ಚನ್ನಾಜಮ್ಮ. "ಈಗ ಕೆಳಗೆ ನೋಡಿ."

ಸತೀಶ್ ಕೆಳಗೆ ನೋಡಿದ. ಕಾಲನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡ.

"ಜಯನಗರದಲ್ಲಿ ಗಾಡಿಗೆ ಕಲ್ಲು ಕೊಡ್ತಾರಾ ಸಾರ್?"

"ಅದು... ಇಲ್ಲಿನವರು ಇಡೋದನ್ನು ನೋಡಿ..."

"ಮೂರು ದಿನ ನೋಡಿದ್ದು ಕಾಲಿಗೆ ಬರಲ್ಲ. ನಂಜುಂಡೇಶಪ್ಪನೋರೂ ಮೂರು ದಿನ ನೋಡವ್ರೆ. ಅವ್ರ ಗಾಡಿ ಕೆಳಗೆ ಕಲ್ಲೆಲ್ಲಿ? ನಮ್ಮ ಬೆಟ್ಟದ ಡ್ರೈವರಿಗೆ ಗಾಡಿ ನಿಲ್ಸಿ ಕಲ್ಲು ಕೊಡ್ದೆ ಹೋದ್ರೆ ಅನ್ನ ಇಳಿಯಲ್ಲ. ಕಳ್ಳತನಕ್ಕೆ ಹೋದ್ರೂ ಕೊಡ್ತಾನೆ. ಈವತ್ತು ಬೆಳಿಗ್ಗೆ ಕಿಡಿಗೂ ನೀವೇ ಕೊಟ್ರಿ. ಆ ಕಾರಿಗೆ ಕಲ್ಲು ಬೇಡ ಅಂತ ರೂಪಶ್ರೀಗೆ ಗೊತ್ತು. ಜೋಗಿಗೆ ಗೊತ್ತು. ನಿಮಗೂ ಗೊತ್ತು. ಕಾಲಿಗೆ ಗೊತ್ತಿರ್ಲಿಲ್ಲ."

"ಹುಚ್ಚು ಮಾತು! ಕಲ್ಲು ಯಾವಾಗಲೋ ಬಿದ್ದಿರಬಹುದು. ಕಾರು ರಾತ್ರಿಯೆಲ್ಲ ಅಲ್ಲೇ ಇತ್ತು!"

"ಇತ್ತಾ?" ಚನ್ನಾಜಮ್ಮ ಕೈ ಚಾಚಿದರು. ರೂಪಶ್ರೀ ವಿಡಿಯೋ ನಿಲ್ಲಿಸಿ ಮೊಬೈಲು ಕೊಟ್ಟಳು. "ನಿಮ್ಮದೇ ಬೆಳಗಿನ ವಿಡಿಯೋ. ಜನವರಿ ಚಳಿ, ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಅಂಗಳದ ಹುಲ್ಲೆಲ್ಲ ಉಪ್ಪು ಚೆಲ್ಲಿದಂಗೆ ಬೆಳ್ಳಗಿತ್ತು. ಫಾಲ್ಕನ್ ಕೆಳಗೆ ನೋಡಿ, ಹಸಿರು. ರಾತ್ರಿಯೆಲ್ಲ ಕಾರಿನ ಮರೆ ಇತ್ತು, ಬಿಳುಪು ಬೀಳಲಿಲ್ಲ. ಕಿಡಿ ಕೆಳಗೆ ನೋಡಿ."

ನಂಜುಂಡೇಶ ಫೋನು ಕಿವಿಯಿಂದ ತೆಗೆದು ಬಗ್ಗಿ ನೋಡಿದ. "ಅರೆ! ಬೆಳ್ಳಗಿದೆ!"

"ಬೆಳ್ಳಗದೆ. ಅಂದ್ರೆ ಹುಲ್ಲು ಬೆಳ್ಳಗಾಗೋ ಹೊತ್ತಲ್ಲಿ ಕಾರು ಅಲ್ಲಿರ್ಲಿಲ್ಲ. ಬೆಳಕರಿಯೋ ಮುಂಚೆ ತಗೊಂಡು ಹೋಗಿ, ಏರಲ್ಲಿ ಬ್ರೇಕ್ ತುಳಿದು, ಅರ್ಧ ಕ್ಲಚ್ಚಲ್ಲಿ ಎಂಜಿನ್ ಅರಚಿಸಿ ಸುಟ್ರು. ಇನ್ನೇನು ಪೂರಾ ಕೈಕೊಡ್ತದೆ ಅನ್ನುವಾಗ ತಂದು ನಿಲ್ಸಿದ್ರು. ಜೋಗಿ ಎರಡು ಸಲ ಶಬ್ದ ಕೇಳವ್ನೆ. ಅವ್ನಿಗೆ ಓಡ್ಸಕ್ಕೆ ಬರಲ್ಲ. ನಂಜುಂಡೇಶಪ್ಪನೋರಿಗೆ ಕಲ್ಲು ಕೊಟ್ಟು ಗೊತ್ತಿಲ್ಲ. ಉಳಿದೋರು ಯಾರು? ಫಾಲ್ಕನ್ ಗೆಲ್ತದೆ ಅಂತ ಮೊದಲೇ ಮಾತು ಕೊಟ್ಟೋರು. ಜಾಹೀರಾತಿಗೆ ಮುಖ ಮಾರ್ಕಂಡೋರು. ಎರಡು ದಿನ ಪುಟ್ಟ ಕಾರೇ ಮುಂದಿದ್ದಿದ್ದು ಕಂಡು ಎದೆ ಡವಡವ ಅಂದೋರು. ಬೆಳಿಗ್ಗೆ ಕಾರು ಓಡ್ದೆ ಹೋದಾಗ ಪಕ್ಕದಲ್ಲಿ ಕ್ಯಾಮೆರಾ ಹಿಡ್ಕೊಂಡು ತಯಾರಾಗಿ ನಿಂತಿದ್ದೋರು!"

"ಬೇಲಿಯೇ ಎದ್ದು ಹೊಲ ಮೇಯ್ತಲ್ಲಪ್ಪ!" ಎಂದು ನಂಜುಂಡೇಶ ಬಾಯಿಯ ಮೇಲೆ ಕೈಯಿಟ್ಟುಕೊಂಡ. "ಥೂ, ಈ ಗೆಲುವು ನನಗೆ ಬೇಡ ಮಾರಾಯ. ನಾನೇನು ಕೇಳಿದ್ನಾ ನಿನ್ನ?"

ಸತೀಶ್ ಜೀಪಿಗೆ ಒರಗಿದ. ಮುಖದ ಹುರುಪು ಇಳಿದುಹೋಗಿತ್ತು.

ಸೌದೆ ಕೆಳಗಿಟ್ಟು ಜೋಗಿ ಹತ್ತಿರ ಬಂದ. ಅಷ್ಟು ಹೊತ್ತೂ ಅವನು ಆ ಕಲ್ಲನ್ನೇ ನೋಡುತ್ತಿದ್ದ. ಬಡಗರು ಎದುರು ಸಿಕ್ಕಾಗ ಮೊದಲು ಕೇಳುವ ಮಾತನ್ನು ಮೆಲ್ಲಗೆ ಕೇಳಿದ.

"ಯಾವ ಹಟ್ಟಿ?"

ಸತೀಶ್ ಜೀಪಿನ ಬಾಗಿಲಿನತ್ತ ತಿರುಗಿದ. ಜೋಗಿ ಮತ್ತೆ ಕೇಳಿದ. ಮೂರನೇ ಸಲಕ್ಕೆ ಅವನು ತಲೆ ತಗ್ಗಿಸಿದ. "ಇದೇ ಬೆಟ್ಟದ ಮಂಜೂರಿನ ಹತ್ತಿರ. ಅಪ್ಪ ಟೀ ಎಲೆಯ ಲಾರಿ ಓಡಿಸುತ್ತಿದ್ದರು. ಕಲ್ಲು ಕೊಡೋದು ನನ್ನ ಕೆಲಸವಾಗಿತ್ತು." ಆಮೇಲೆ ರೇಗಿದ. "ಮಂಜೂರಿನ ಲಾರಿ ಡ್ರೈವರ್ ಮಗ ಸ್ಪೋರ್ಟ್ಸ್ ಕಾರಿನ ತೀರ್ಪು ಹೇಳಿದರೆ ಯಾರು ಕೇಳ್ತಾರೆ? ನೀವೇ ಹೇಳಿ, ಯಾರು ಕೇಳ್ತಾರೆ?"

"ಹಂಗಾರೆ," ಎಂದ ಜೋಗಿ, "ಬೆಳಿಗ್ಗೆ ಹೆತ್ತೆಯಮ್ಮನ ಮೇಲೆ ಆಣೆ ಇಟ್ಟು ನಾ ಅತ್ತದ್ದೆಲ್ಲ ನಿನಗೆ ತಿಳೀತಿತ್ತು."

ಕ್ಲಚ್ ಸುಟ್ಟದ್ದಕ್ಕಿಂತ ಹೆಚ್ಚು ಸಿಟ್ಟು ರೂಪಶ್ರೀಗೆ ಬಂದದ್ದು ಆಗಲೇ. ಕ್ಲಚ್ ಪ್ಲೇಟು ಸುಟ್ಟರೆ ಹೊಸದು ಹಾಕಿಸಬಹುದು. ತನ್ನವನ ಅಳು ಅರ್ಥವಾಗಿಯೂ ಅರ್ಥವಾಗದವನ ಹಾಗೆ ಬೆನ್ನು ತಿರುಗಿಸಿದವನಿಗೆ ಏನು ಹಾಕಿಸುವುದು? ಅಗ್ಗ, ಅಗ್ಗ ಎಂದು ಮೂರು ದಿನ ಬಾಯಿ ಬಡಿದುಕೊಂಡನಲ್ಲ, ಇಡೀ ಅಂಗಳದಲ್ಲಿ ಇವನಿಗಿಂತ ಅಗ್ಗದ್ದು ಯಾವುದಿತ್ತು?

"ಪೊಲೀಸಿಗೆ ಹೇಳ್ತೀರಾ?" ಎಂದ ಸತೀಶ್.

"ಅದು ಆಮೇಲಿನ ಮಾತು," ಎಂದಳು ರೂಪಶ್ರೀ. "ಸಂಜೆ ಐದಕ್ಕೆ ತೀರ್ಪು ಹೇಳ್ತೀನಿ ಅಂತ ಊರಿಗೆಲ್ಲ ಸಾರಿದ್ದೀರಿ. ಹೇಳಲೇಬೇಕು. ಇಲ್ಲದಿದ್ರೆ ನಿಮ್ಮ ಕಾಲಿನ ವಿಡಿಯೋ ನಾನು ಹಾಕ್ತೀನಿ."

ಐದು ಗಂಟೆಗೆ ಹಜಾರದಲ್ಲಿ ದೀಪ ಹೊತ್ತಿತು. ಸತೀಶ್‌ಕುಮಾರ್ ಮೈಕಿನ ಮುಂದೆ ಕೂತ. ಕ್ಯಾಮೆರಾದ ಹಿಂದೆ ರೂಪಶ್ರೀ, ಪಕ್ಕದಲ್ಲಿ ಜೋಗಿ, ಸೋಫಾದಲ್ಲಿ ಕಾಲು ಮಡಿಸಿ ಕೂತ ಚನ್ನಾಜಮ್ಮ. ಪರದೆಯ ಮೇಲೆ ನೋಡುವವರ ಸಂಖ್ಯೆ ಏರುತ್ತಲೇ ಇತ್ತು. ಬೆಳಗಿನ ವಿಡಿಯೋ ನೋಡಿದ್ದವರು ಆಗಲೇ ಬರೆಯುತ್ತಿದ್ದರು: 'ಡ್ರೈವಿಂಗ್ ಟೀಚರ್ ಎಲ್ಲಿ?' 'ಕ್ಲಚ್ ಮೇಡಂಗೆ ಜೈ!' ಜೊತೆಗೆ ನಗುವ ಮುಖಗಳ ಸಾಲು. ರೂಪಶ್ರೀ ಒಂದೊಂದನ್ನೂ ಓದಿದಳು.

ಸತೀಶ್ ಗಂಟಲು ಸರಿಮಾಡಿಕೊಂಡ. ಎರಡು ದಿನದ ಓಟದಲ್ಲಿ ಕೊಟ್ಟ ಬೆಲೆಗೆ ತಕ್ಕ ಕಾರು ಕಿಡಿಯೇ ಎಂದ. ಜೋಗಿ ನಿರಪರಾಧಿ ಎಂದ. ಆಮೇಲೆ ಕಣ್ಣು ಕೆಳಗೆ ಮಾಡಿ, ನೀರು ಕುಡಿದವನ ಹಾಗೆ ನುಂಗಿ ನುಂಗಿ ಹೇಳಿದ: "ಕ್ಲಚ್ ಸುಟ್ಟದ್ದು ಕಾರಿನ ತಪ್ಪಲ್ಲ. ಓಡಿಸಿದವರ ತಪ್ಪೂ ಅಲ್ಲ. ಸುಟ್ಟವನು ನಾನು."

ಹೇಳಿ ಮುಗಿಸಿ ಮೈಕಿನತ್ತ ಕೈ ಚಾಚಿದ.

"ತೆಗೀಬೇಡ," ಎಂದಳು ರೂಪಶ್ರೀ ಕ್ಯಾಮೆರಾದ ಹಿಂದಿನಿಂದ. ಮೂರು ದಿನದಿಂದ 'ಸಾರ್' ಎನ್ನುತ್ತಿದ್ದ ಬಾಯಿ ಅದು. "ಬೆಳಿಗ್ಗೆ ನನ್ನ ಮಾನ ಕಳೆಯುವಾಗ ಇಷ್ಟು ಮೆಲ್ಲಗೆ ಮಾತಾಡಿರಲಿಲ್ಲ ನೀನು. ಕಣ್ಣೆತ್ತಿ ಇನ್ನೊಂದು ಸಲ ಹೇಳು. ಜೋರಾಗಿ."

ಸತೀಶ್ ಕಣ್ಣೆತ್ತಿದ. ಜೋರಾಗಿ ಹೇಳಿದ.